ನಿನ್ನ ಮೈ ಸುಮ್ನೆ ಕೂತಿರಲಿಲ್ಲ

ಪ್ರೀತಿಯ ಪುಟ್ಟಿ,

"ನನ್ನ ಮೈಯಲ್ಲಿ ಶಕ್ತಿನೇ ಇರಲಿಲ್ಲ ಅಮ್ಮಾ, ಅದಕ್ಕೇ ಟಿಬಿ ಬಂತು" ಅಂತ ನಿನ್ನೆ ಫೋನಿನಲ್ಲಿ ಅತ್ತುಬಿಟ್ಟೆಯಲ್ಲ, ಆ ಮಾತು ಕಿವಿಯಿಂದ ಹೋಗುತ್ತಿಲ್ಲ. ಹಾಗಲ್ಲ ಮಗಳೇ.

20 ವರ್ಷದಿಂದ ಲ್ಯಾಬಿನಲ್ಲಿ ಕಫದ ಸ್ಲೈಡು ನೋಡುತ್ತಿದ್ದೇನೆ. ಕೆಂಪು ಬಣ್ಣ ಸುರಿದು, ಹಬೆ ಏಳುವ ತನಕ ಬಿಸಿ ಮಾಡಿ, ಆಸಿಡ್‌ನಲ್ಲಿ ತೊಳೆದು, ಮೇಲೆ ನೀಲಿ ಹಾಕುತ್ತೇವೆ. ಆಸಿಡ್‌ಗೂ ಬಗ್ಗದೆ ಕೆಂಪಾಗಿಯೇ ಉಳಿಯುವ ಸಣ್ಣ ಕಡ್ಡಿಗಳು ಟಿಬಿ ಕ್ರಿಮಿ. ನಾವು ಹುಡುಕುವುದು ಅದನ್ನೇ. ಆದರೆ ಸುತ್ತ ನೀಲಿಯಾಗಿ ರಾಶಿ ಬಿದ್ದಿರುತ್ತವಲ್ಲ, ಅವು ಬಿಳಿ ರಕ್ತಕಣಗಳು. ಕಾದಾಡಿ ಸತ್ತವು.

ಕ್ರಿಮಿ ಉಸಿರಿನ ಜೊತೆ ಒಳಗೆ ಹೋದಾಗ ಶ್ವಾಸಕೋಶದ ಕಾವಲಿಗಿರುವ ಮ್ಯಾಕ್ರೋಫೇಜ್ ಕಣ ಅದನ್ನು ನುಂಗುತ್ತದೆ. ಬೇರೆ ಕ್ರಿಮಿಯಾದರೆ ಸಾಮಾನ್ಯವಾಗಿ ಅಲ್ಲೇ ಜೀರ್ಣ. ಇದು ಮಾತ್ರ ಜೀರ್ಣರಸ ತನ್ನ ಹತ್ತಿರ ಬರದಂತೆ ತಡೆದು, ನುಂಗಿದ ಕಣದೊಳಗೇ ಮನೆ ಮಾಡಿಕೊಳ್ಳುತ್ತದೆ. ಟಿ ಕಣಗಳು, ಅವೂ ಒಂದು ಬಗೆಯ ಬಿಳಿ ರಕ್ತಕಣಗಳೇ, ಬರುವುದಕ್ಕೆ ವಾರಗಳೇ ಬೇಕು. ಬಂದ ಮೇಲೆ ಇಂಟರ್‌ಫೆರಾನ್ ಗಾಮಾ ಅನ್ನುವ ಸಂದೇಶದ ರಾಸಾಯನಿಕ ಬಿಟ್ಟು ಮ್ಯಾಕ್ರೋಫೇಜ್‌ಗೆ ಬಲ ಕೊಡುತ್ತವೆ. ಎಲ್ಲ ಸೇರಿ ಕ್ರಿಮಿಯ ಸುತ್ತ ಗಂಟು ಕಟ್ಟುತ್ತವೆ. ಕ್ರಿಮಿ ತಗುಲಿದ 100 ಜನರಲ್ಲಿ ಕಾಯಿಲೆ ಬೀಳುವವರು ಇಡೀ ಜೀವಮಾನದಲ್ಲಿ 5ರಿಂದ 10 ಜನ ಅಷ್ಟೇ. ಉಳಿದವರಲ್ಲಿ ಆ ಗಂಟೇ ಕಾಯುತ್ತದೆ.

ನಿನ್ನಲ್ಲಿ ಗಂಟಿನ ನಡುಭಾಗ ಗಿಣ್ಣಿನ ಹಾಗೆ ಮೆತ್ತಗಾಗಿ ಒಡೆಯಿತು. ಎಕ್ಸ್‌ರೇಯಲ್ಲಿ ಡಾಕ್ಟರು ತೋರಿಸಿದ ಗುಳಿ ಅದೇ. ಆ ಗುಳಿಯಲ್ಲಿ ಕ್ರಿಮಿಯಷ್ಟೇ ಪಾಲು ನಿನ್ನ ಕಣಗಳ ಆರ್ಭಟದ್ದೂ ಇದೆ. ಎಚ್‌ಐವಿಯಿಂದ ಟಿ ಕಣಗಳು ತೀರಾ ಕಮ್ಮಿಯಾದವರಲ್ಲಿ ಟಿಬಿ ಎಷ್ಟೇ ಜೋರಾಗಿದ್ದರೂ ಇಂಥ ಗುಳಿ ಅಪರೂಪ. ಶಕ್ತಿ ಇರಲಿಲ್ಲ ಅಂತೀಯಲ್ಲ, ಅದೇ ನಿಜವಾಗಿದ್ದರೆ ನಿನಗೆ ಗುಳಿ ಬೀಳುತ್ತಿತ್ತಾ? ಸಂಜೆ ಜ್ವರ, ದಿಂಬು ನೆನೆಯುವ ಬೆವರು, ಸಡಿಲವಾದ ಬಳೆ, ಇವೂ ಬಹುಮಟ್ಟಿಗೆ ನಿನ್ನ ಕಣಗಳು ಸುರಿಸಿದ ರಾಸಾಯನಿಕಗಳ ಕೆಲಸವೇ.

ತಪ್ಪು ಯಾರದಾದರೂ ಇದ್ದರೆ ನನ್ನದು. ದಿನಾ ಇದೇ ಕ್ರಿಮಿ ನೋಡುವವಳು ನಾನು, ನಿನ್ನ ಕೆಮ್ಮನ್ನು ಹಾಸ್ಟೆಲಿನ ಧೂಳು ಅಂದುಕೊಂಡೆ.

ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡ, ಅದು ನಿನ್ನ ಟಿಬಿ ಔಷಧಿ ರಿಫಾಂಪಿಸಿನ್‌ನ ಬಣ್ಣ. 6 ತಿಂಗಳಲ್ಲಿ ಒಂದು ದಿನದ ಮಾತ್ರೆಯೂ ತಪ್ಪಬಾರದು. ಶನಿವಾರ ತಂಬಿಟ್ಟು ಮಾಡಿಕೊಂಡು ಬರುತ್ತೇನೆ. ಎರಡನೇ ತಿಂಗಳ ಕಫ ಪರೀಕ್ಷೆಗೆ ಜೊತೆಗೇ ಹೋಗೋಣ.

ನಿನ್ನ
ಅಮ್ಮ