ಹಿಂಗಾರಿನಲ್ಲೂ ಹವಾಮಾನದ ಅಂಕಣ ಬೇಕು

ಮಾನ್ಯ ಸಂಪಾದಕರೇ,

ಕಾರ್ತಿಕ ಮುಗಿಯುತ್ತ ಬಂದು ಸುಗ್ಗಿಯ ಹಬ್ಬ ಹುತ್ತರಿಗೆ ದಿನ ಎಣಿಸುವ ಈ ಹೊತ್ತಿನಲ್ಲಿ ಕೊಡಗಿನಲ್ಲಿ ಮುಂಜಾನೆ ಅಂಗಳಕ್ಕಿಳಿಯಲು ಸ್ವೆಟರ್ ಬೇಕೇ ಬೇಕು. ಆದರೆ ಒಂದು ವಾರದಿಂದ ಸೋಮವಾರಪೇಟೆ ತಾಲ್ಲೂಕಿನ ನಮ್ಮ ಭಾಗದಲ್ಲಿ ಮಂಜೂ ಇಲ್ಲ, ಚಳಿಯೂ ಇಲ್ಲ. ನಮ್ಮ ಜಗಲಿಯ ಉಷ್ಣಮಾಪಕ ಬೆಳಗಿನ ಆರು ಗಂಟೆಗೂ 19 ಡಿಗ್ರಿಗಿಂತ ಕೆಳಗಿಳಿದಿಲ್ಲ. ಈ ದಿನಗಳಲ್ಲಿ ಅದು 14 ಅಥವಾ 15ಕ್ಕೆ ಬಂದು ನಿಲ್ಲುವುದು ವಾಡಿಕೆ. ಪ್ರವಾಸಿಗರಿಗೆ ಇದು ಹಿತವಾಗಿದೆ, ಮನೆಯ ಹಿರಿಯರಿಗೂ ಮಂಡಿನೋವು ಕಡಿಮೆಯಾಗಿದೆ, ಅದಕ್ಕೆ ನನಗೂ ಸಂತೋಷವೇ. ಆದರೆ ಕಾಫಿ ಬೆಳೆಗಾರನಾದ ನನಗೆ ಈ ಬೆಚ್ಚನೆಯ ರಾತ್ರಿಗಳು ನಿದ್ದೆ ಕೊಡುತ್ತಿಲ್ಲ.

ಆಕಾಶ ತಿಳಿಯಾಗಿದ್ದರೆ ಹಗಲು ಕಾದ ನೆಲ ರಾತ್ರಿ ಬಿಸಿಯನ್ನು ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಇಬ್ಬನಿ ಬೀಳುವುದೂ ಕಣಿವೆಗಳಲ್ಲಿ ಮಂಜು ಕೂರುವುದೂ ಆಗಲೇ. ಮೋಡ ಮುಚ್ಚಿದ ರಾತ್ರಿ ಆ ಬಿಸಿ ನೆಲದ ಹತ್ತಿರವೇ ಉಳಿಯುತ್ತದೆ. ಹಿಂಗಾರಿನ ತಿಂಗಳುಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಅಲ್ಲಿಂದ ಹೊರಟ ಮೋಡ ನಮ್ಮ ಬೆಟ್ಟಗಳವರೆಗೂ ಬರುವುದುಂಟು. 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಪ್ರಭಾವದಿಂದ ಸುರಿದ ಮಳೆಯನ್ನು ಕಂಡವರು, ಚಳಿ ತಪ್ಪಿದೆ ಎಂದೊಡನೆ ಆಕಾಶ ನೋಡುತ್ತಾರೆ.

ಅರೇಬಿಕಾ ಕಾಫಿಯ ಕೊಯ್ಲು ನಡೆದಿದೆ, ಕಣದ ತುಂಬ ಚೆರಿ, ಅಂದರೆ ಕೊಯ್ದ ಕಾಫಿ ಹಣ್ಣು, ಹರಡಿದೆ. ಮೊನ್ನೆ ಬೆಳಿಗ್ಗೆ ಟಾರ್ಪಾಲು ಸರಿಸಿ ರಾಶಿಯೊಳಗೆ ಕೈ ಹಾಕಿದರೆ ನಡುವಿನ ಹಣ್ಣು ಬೆಚ್ಚಗಿತ್ತು, ಅಂಗೈಗೆ ಅಂಟಿ ಹುಳಿ ವಾಸನೆ ಹೊಡೆಯುತ್ತಿತ್ತು. ಒಳ್ಳೆಯ ಬಿಸಿಲಿದ್ದರೆ ಎರಡು ವಾರದಲ್ಲಿ ಒಣಗುವ ಚೆರಿಯನ್ನು ಈಗ ದಿನಕ್ಕೆ ನಾಲ್ಕೈದು ಬಾರಿ ಕೆದಕಿ ತೆಳ್ಳಗೆ ಹರಡಬೇಕಾಗಿದೆ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಇನ್ನು ಮಳೆಯೇ ಬಂದರೆ ಕಟಾವಿಗೆ ಬಂದ ಭತ್ತ ಗದ್ದೆಯಲ್ಲೇ ಮಲಗುತ್ತದೆ. ಫೆಬ್ರುವರಿ, ಮಾರ್ಚ್‌ನ ಹೂಮಳೆಗೆ ಅರಳಬೇಕಾದ ರೊಬಸ್ಟಾ ಕಾಫಿ ಮುಂದಿನ ಒಂದೆರಡು ತಿಂಗಳಲ್ಲಿ ಅಕಾಲದ ಮಳೆಗೆ ಸಿಕ್ಕಿ, ಹಣ್ಣು ಗಿಡದಲ್ಲಿರುವಾಗಲೇ ಹೂ ಬಿಟ್ಟರೆ, ಕೊಯ್ಯುವವರು ಹೂವನ್ನು ಉದುರಿಸದೆ ಹಣ್ಣು ಬಿಡಿಸುವುದು ಸಾಧ್ಯವೇ ಇಲ್ಲ.

ಈ ಪತ್ರ ಬರೆಯಲು ಮುಖ್ಯ ಕಾರಣ ಬೇರೊಂದಿದೆ. ಇಂಥ ವಾರ ನಿಜಕ್ಕೂ ಅಪರೂಪವೇ ಎಂದು ಪರಿಶೀಲಿಸಲು ನಮ್ಮಲ್ಲಿ ಲೆಕ್ಕವಿಲ್ಲ. ಕೊಡಗಿನ ಎಷ್ಟೋ ಮನೆಗಳಲ್ಲಿ ತಾತನ ಕಾಲದಿಂದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಪುಸ್ತಕಗಳಿವೆ. 2018ರ ಆಗಸ್ಟ್‌ನಲ್ಲಿ ಯಾವ ದಿನ ಎಷ್ಟು ಸುರಿಯಿತೆಂದು ಕೇಳಿದರೆ ಪುಟ ತೆರೆದು ತೋರಿಸುತ್ತಾರೆ. ಆದರೆ ಹೋದ ವರ್ಷ ಇದೇ ವಾರದಲ್ಲಿ ರಾತ್ರಿಯ ಕನಿಷ್ಠ ತಾಪಮಾನ ಎಷ್ಟಿತ್ತೆಂದು ಹೇಳಬಲ್ಲವರು ವಿರಳ. ನಾನೂ ಉಷ್ಣಮಾಪಕ ತೂಗುಹಾಕಿದ್ದು ಮೂರು ವರ್ಷದ ಹಿಂದೆಯಷ್ಟೇ.

ಮಳೆಗಾಲದಲ್ಲಿ ಪತ್ರಿಕೆಗಳು ಹೋಬಳಿವಾರು ಮಳೆಯನ್ನೂ ಹಾರಂಗಿ ಜಲಾಶಯದ ನೀರಿನ ಮಟ್ಟವನ್ನೂ ಪ್ರಕಟಿಸುತ್ತವೆ, ಮಳೆ ನಿಂತೊಡನೆ ಆ ಅಂಕಣವೂ ನಿಲ್ಲುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಘಟಕಗಳು ಹೋಬಳಿ ಮಟ್ಟದಲ್ಲಿವೆ, ಅವು ತಾಪಮಾನವನ್ನೂ ದಾಖಲಿಸುತ್ತವೆ. ಆದ್ದರಿಂದ ನವೆಂಬರ್‌ನಿಂದ ಫೆಬ್ರುವರಿಯವರೆಗೆ ಜಿಲ್ಲೆಯ ಪ್ರತಿ ಹೋಬಳಿಯ ಕನಿಷ್ಠ ತಾಪಮಾನವನ್ನು, ಹಿಂದಿನ ವರ್ಷದ ಅದೇ ದಿನದ ಅಂಕಿಯೊಂದಿಗೆ, ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ದಿನವೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ನನ್ನ ಮೂರು ವರ್ಷದ ಪುಸ್ತಕವನ್ನು ಹೋಲಿಕೆಗಾಗಿ ಕೊಡಲು ಸಿದ್ಧನಿದ್ದೇನೆ.

– ಕಾಫಿ ಬೆಳೆಗಾರ, ಮಾದಾಪುರ, ಸೋಮವಾರಪೇಟೆ ತಾಲ್ಲೂಕು