ಫ್ರೋಜನ್ ಕ್ಯಾರೆಟ್‌ಗೆ ನೀರು ಬೇಡ, ಕಾವು ಬೇಕು

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಒಬ್ಬನೇ ಮನೆ ಮಾಡಿಕೊಂಡು ಅಡುಗೆ ಶುರು ಮಾಡಿದ್ದೀಯ ಅಂತ ಕೇಳಿ ತುಂಬಾ ಖುಷಿಯಾಯಿತು. ಫ್ರೋಜನ್ ಕ್ಯಾರೆಟ್ ಬೇಯಿಸಿದರೆ ಪಿಚಪಿಚ ಅನ್ನುತ್ತದೆ, ರುಚಿಯೇ ಇರುವುದಿಲ್ಲ, ಪ್ಯಾಕೆಟ್ ಎಸೆದುಬಿಡಲಾ ಅಂತ ಕೇಳಿದ್ದೆ. ಎಸೆಯಬೇಡ ಕಣೋ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಕೂತು ಬರೆಯುವುದೇ ಮೇಲು ಅನ್ನಿಸಿತು. ಕೆಲಸ ಮುಗಿಸಿ ಸುಸ್ತಾಗಿ ಬಂದ ದಿನ ತೊಳೆಯುವ, ಸಿಪ್ಪೆ ತೆಗೆಯುವ, ಹೆಚ್ಚುವ ಕೆಲಸ ಇಲ್ಲದೆ ಊಟದ ಜೊತೆಗೆ ಒಂದು ತರಕಾರಿ ಸಿಗುತ್ತದೆ ಅಂದರೆ ಅದು ಸಣ್ಣ ಮಾತಲ್ಲ. ಹದ ಗೊತ್ತಿದ್ದರೆ ಹತ್ತು ಹನ್ನೆರಡು ನಿಮಿಷದಲ್ಲಿ ತಟ್ಟೆಗೆ ಬರುತ್ತದೆ.

ನೀನು ಮಾಡುತ್ತಿರುವುದು ಏನು ಅಂದರೆ, ಪಾತ್ರೆ ತುಂಬ ನೀರಿಟ್ಟು, ಕುದಿ ಬಂದ ಮೇಲೆ ಕ್ಯಾರೆಟ್ ಸುರಿದು, ಹಸಿ ಕ್ಯಾರೆಟ್‌ನ ಹಾಗೆ ಬೇಯಿಸುತ್ತಿದ್ದೀಯ. ತೊಂದರೆ ಅಲ್ಲೇ ಇದೆ. ಪ್ಯಾಕೆಟ್‌ನಲ್ಲಿರುವ ಕ್ಯಾರೆಟ್ ಆಗಲೇ ಒಂದು ಸಲ ಬಿಸಿ ಕಂಡಿದೆ. ಫ್ರೀಜ್ ಮಾಡುವ ಮೊದಲು ತರಕಾರಿಯನ್ನು ಕುದಿಯುವ ನೀರಿನಲ್ಲೋ ಹಬೆಯಲ್ಲೋ ಕೆಲವು ನಿಮಿಷ ಇಟ್ಟು ತಕ್ಷಣ ತಣ್ಣಗೆ ಮಾಡುತ್ತಾರೆ. ಇದಕ್ಕೆ ಬ್ಲಾಂಚಿಂಗ್ ಅನ್ನುತ್ತಾರೆ. ತರಕಾರಿಯೊಳಗಿನ ಎಂಜೈಮ್‌ಗಳು ಫ್ರೀಜರಿನ ಚಳಿಯಲ್ಲೂ ಪೂರ್ತಿ ಸುಮ್ಮನಿರುವುದಿಲ್ಲ. ನಿಧಾನವಾಗಿ ಬಣ್ಣ ಕೆಡಿಸುತ್ತವೆ, ವಾಸನೆ ಕೆಡಿಸುತ್ತವೆ. ಅವುಗಳ ಕೆಲಸ ನಿಲ್ಲಿಸುವುದಕ್ಕೇ ಈ ಬಿಸಿ. ಹಾಗಾಗಿ ನಿನ್ನ ಕೈಗೆ ಬರುವಾಗಲೇ ಅದು ಸ್ವಲ್ಪ ಬೆಂದಿರುತ್ತದೆ.

ಇನ್ನೊಂದು ವಿಷಯವಿದೆ. ಕ್ಯಾರೆಟ್‌ನಲ್ಲಿ 100ಕ್ಕೆ ಸುಮಾರು 88 ಪಾಲು ನೀರು. ಆ ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯ ಹರಳಾದಾಗ ಹಿಗ್ಗುತ್ತದೆ, ಒಳಗಿನ ಗೋಡೆಗಳನ್ನು ಅಲ್ಲಲ್ಲಿ ಸೀಳುತ್ತದೆ. ಕರಗಿದಾಗ ಆ ಸೀಳುಗಳಿಂದ ನೀರು ಹೊರಗೆ ಬರುತ್ತದೆ, ತುಂಡು ಮೆತ್ತಗಾಗುತ್ತದೆ. ಈಗ ಯೋಚಿಸು. ಮೊದಲೇ ಸ್ವಲ್ಪ ಬೆಂದದ್ದು, ಒಳಗಿನಿಂದಲೇ ನೀರು ಬಿಡುವಂಥದ್ದು. ಅದನ್ನು ಮತ್ತೆ ನೀರಿನಲ್ಲಿ ಹತ್ತು ನಿಮಿಷ ಕುದಿಸಿದರೆ ಇನ್ನೇನು ಉಳಿಯುತ್ತದೆ? ಸಿಹಿಯೂ ಪರಿಮಳವೂ ಆ ನೀರಿಗೇ ಹೋಗುತ್ತದೆ, ನೀನು ಅದನ್ನು ಬಸಿದು ಚೆಲ್ಲುತ್ತೀಯ.

ಆದ್ದರಿಂದ ಈ ಕ್ಯಾರೆಟ್‌ನಿಂದ ನೀರು ತೆಗೆಯಬೇಕು. ಇದೊಂದು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಬಾಣಲೆಯಲ್ಲಿ ಮಾಡುವ ಕ್ರಮ ಹೇಳುತ್ತೇನೆ, ನಿನಗೆ ದಿನವೂ ಉಪಯೋಗಕ್ಕೆ ಬರುವುದು ಇದೇ. ಇಬ್ಬರಿಗೆ ಸಾಕಾಗುವಷ್ಟು, ಅಂದರೆ ಸುಮಾರು 300 ಗ್ರಾಂ ಕ್ಯಾರೆಟ್ ತೆಗೆದುಕೋ. ಹೊರಗಿಟ್ಟು ಕರಗಿಸಬೇಡ. ಕರಗಿದರೆ ನೀರೆಲ್ಲ ಬಿಟ್ಟು ಸೊರಗುತ್ತದೆ. ಫ್ರೀಜರಿನಿಂದ ನೇರ ಬಾಣಲೆಗೆ ಬರಬೇಕು. ಬಾಣಲೆ ಅಗಲವಾಗಿರಲಿ, ತುಂಡುಗಳು ಒಂದರ ಮೇಲೊಂದು ಬೀಳದೆ ಒಂದೇ ಪದರದಲ್ಲಿ ಕೂರುವಷ್ಟು. ಅದು ಚೆನ್ನಾಗಿ ಕಾದ ಮೇಲೆ ಎರಡು ಚಮಚ ಎಣ್ಣೆ ಹಾಕು. ಚಮಚ ಅಂದರೆ ಟೀ ಚಮಚ. ಪ್ಯಾಕೆಟ್‌ನಲ್ಲಿ ಕ್ಯಾರೆಟ್‌ಗೆ ಹಿಮದ ಪುಡಿ ಜಾಸ್ತಿ ಅಂಟಿದ್ದರೆ ಮೊದಲೇ ಒದರಿ ತೆಗೆ. ಒದ್ದೆ ತುಂಡು ಬಿಸಿ ಎಣ್ಣೆಗೆ ಬಿದ್ದಾಗ ಸಿಡಿಯುತ್ತದೆ. ಮೇಲಿನಿಂದ ಎತ್ತಿ ಹಾಕಬೇಡ, ಬಾಣಲೆಯ ಅಂಚಿನಿಂದ ಜಾರಿಸಿ ಬಿಡು. ಕೈ ಜೋಪಾನ.

ಹಾಕಿದ ತಕ್ಷಣ ಮುಚ್ಚಳ ಮುಚ್ಚು. ನೀರು ಸೇರಿಸಬೇಡ. ಅದರ ಮೈಮೇಲಿನ ಮಂಜೇ ಕರಗಿ ಹಬೆಯಾಗುತ್ತದೆ, ಆ ಹಬೆಯಲ್ಲೇ ಒಳಗಿನವರೆಗೆ ಬಿಸಿ ಹೋಗುತ್ತದೆ. ಮಧ್ಯಮ ಉರಿಗಿಂತ ಸ್ವಲ್ಪ ಜಾಸ್ತಿ ಇರಲಿ. ಮೂರು ನಾಲ್ಕು ನಿಮಿಷ ಸಾಕು. ಆಮೇಲೆ ಮುಚ್ಚಳ ತೆಗೆದುಬಿಡು, ಮತ್ತೆ ಮುಚ್ಚಬೇಡ. ತಳದಲ್ಲಿ ನೀರು ನಿಂತಿರುವುದು ಕಾಣುತ್ತದೆ. ಅದು ಪೂರ್ತಿ ಆರಬೇಕು. ಈ ಹೊತ್ತಿನಲ್ಲಿ ತಾಳ್ಮೆ ಬೇಕು. ನೀರು ಇರುವಷ್ಟು ಹೊತ್ತು ಕ್ಯಾರೆಟ್ ಮೈಯ ಕಾವು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಎಲ್ಲ ಕಾವೂ ನೀರನ್ನು ಹಬೆ ಮಾಡುವುದಕ್ಕೇ ಖರ್ಚಾಗುತ್ತದೆ. ಹುರಿದ ಪರಿಮಳ, ಕಂದು ಬಣ್ಣ ಇವೆಲ್ಲ ಬರುವುದು ಅದಕ್ಕಿಂತ ತುಂಬಾ ಮೇಲಿನ ಕಾವಿನಲ್ಲಿ. ಕಿವಿಯಿಟ್ಟು ಕೇಳು, ಗೊತ್ತಾಗುತ್ತದೆ. ಮೊದಲು ಬುಳುಬುಳು ಅನ್ನುವ ಸದ್ದು. ನೀರು ಆರಿದ ಮೇಲೆ ಚುರ್ ಚುರ್ ಅಂತ ಸಣ್ಣಗೆ ಹುರಿಯುವ ಸದ್ದು. ಸದ್ದು ಬದಲಾದಾಗ ನಿಜವಾದ ಅಡುಗೆ ಶುರುವಾಯಿತು ಅಂತ ತಿಳಿ.

ಆ ಮೇಲೆ ಸೌಟು ಆಡಿಸುತ್ತಲೇ ಇರಬೇಡ. ಒಂದು ನಿಮಿಷ ಮುಟ್ಟದೆ ಬಿಡು, ಕೆಳಗಿನ ಮೈ ಕೆಂಪಗಾಗಲಿ. ಆಮೇಲೆ ತಿರುವಿ ಮತ್ತೆ ಬಿಡು. ತುಂಡಿನ ಅಂಚು ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಹದ ಬಂದಂತೆ. ಆಗ ಉರಿ ಇಳಿಸಿ ಎರಡು ಚಮಚ ಬೆಣ್ಣೆ, ಅರ್ಧ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು, ಆಗಷ್ಟೇ ಕುಟ್ಟಿದ ಕಾಳುಮೆಣಸು ಹಾಕು. ಉಪ್ಪು ಮೊದಲೇ ಹಾಕಿದರೆ ತುಂಡಿನಿಂದ ಇನ್ನಷ್ಟು ನೀರು ಎಳೆದುಬಿಡುತ್ತದೆ. ಬೆಣ್ಣೆಯಲ್ಲಿ ಹಾಲಿನ ಅಂಶ ಇರುವುದರಿಂದ ಜೋರು ಉರಿಯಲ್ಲಿ ಬೇಗ ಸೀದುಹೋಗುತ್ತದೆ. ಅದಕ್ಕೇ ಎರಡೂ ಕೊನೆಗೆ. ಬೆಳ್ಳುಳ್ಳಿ ಇಷ್ಟವಿದ್ದರೆ ಎರಡು ಎಸಳು ಜಜ್ಜಿ ಬೆಣ್ಣೆಯ ಜೊತೆಗೇ ಹಾಕು, ಅರ್ಧ ನಿಮಿಷದಲ್ಲಿ ಘಮ ಬರುತ್ತದೆ.

ಒಲೆ ಆರಿಸಿದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡು. ಇದನ್ನು ಬಿಡಲೇಬೇಡ ಪುಟ್ಟ. ಕ್ಯಾರೆಟ್ ಸಿಹಿ, ಬೆಣ್ಣೆ ಜಿಡ್ಡು. ಇವೆರಡೇ ಇದ್ದರೆ ಎರಡು ತುತ್ತಿಗೆ ಸಾಕೆನಿಸುತ್ತದೆ. ಸ್ವಲ್ಪ ಹುಳಿ ಬಿದ್ದರೆ ಅದೇ ಕ್ಯಾರೆಟ್ ಇನ್ನೊಂದು ಸಲ ಬಡಿಸಿಕೊಳ್ಳುವಂತೆ ಮಾಡುತ್ತದೆ. ರುಚಿ ಇಲ್ಲ ಅಂತ ನೀನು ಬೇಜಾರು ಮಾಡಿಕೊಂಡದ್ದಕ್ಕೆ ಅರ್ಧ ಕಾರಣ ನೀರಾದರೆ, ಉಳಿದರ್ಧ ಹುಳಿ ಇಲ್ಲದ್ದು ಅನ್ನುವುದು ನನ್ನ ನಂಬಿಕೆ.

ಮಸಾಲೆಯ ವಿಷಯಕ್ಕೆ ಬಂದರೆ ಒಂದು ಸುಲಭದ ದಾರಿ ಇದೆ. ಜೀರಿಗೆ, ಕೊತ್ತಂಬರಿ, ಸೋಂಪು, ಸಬ್ಬಸಿಗೆ, ಓಂಕಾಳು, ಪಾರ್ಸ್ಲಿ, ಸೆಲರಿ ಇವೆಲ್ಲ ಕ್ಯಾರೆಟ್‌ನ ಸ್ವಂತ ಬಳಗ. ಸಸ್ಯಶಾಸ್ತ್ರದಲ್ಲಿ ಇವೆಲ್ಲವನ್ನೂ ಏಪಿಯೇಸೀ ಅನ್ನುವ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಕ್ಯಾರೆಟ್‌ನ ಎಲೆ ನೋಡಿದ್ದರೆ ನಿನಗೇ ಹೋಲಿಕೆ ಕಾಣುತ್ತಿತ್ತು. ಪರಿಮಳದಲ್ಲೂ ಆ ನೆಂಟಸ್ತಿಕೆ ಇದೆ. ಹಾಗಾಗಿ ಇವುಗಳಲ್ಲಿ ಯಾವುದನ್ನು ಹಾಕಿದರೂ ಕ್ಯಾರೆಟ್‌ಗೆ ಒಗ್ಗುತ್ತದೆ, ಹೆದರಬೇಕಾಗಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟ ಜೀರಿಗೆ. ಎಣ್ಣೆ ಕಾದಾಗ ಅರ್ಧ ಚಮಚ ಹಾಕಿ, ಬಣ್ಣ ತಿರುಗುವಷ್ಟರಲ್ಲಿ ಕ್ಯಾರೆಟ್ ಜಾರಿಸಿದರೆ ಮನೆಯೆಲ್ಲ ಘಮಘಮ. ಸಬ್ಬಸಿಗೆ, ಕೊತ್ತಂಬರಿ ಸೊಪ್ಪಾದರೆ ಸಣ್ಣಗೆ ಹೆಚ್ಚಿ ಕೊನೆಗೆ ಉದುರಿಸು, ಬೇಯಿಸಬೇಡ. ಆದರೆ ಒಂದು ಸಲಕ್ಕೆ ಒಂದೋ ಎರಡೋ ಸಾಕು. ಡಬ್ಬಿಯಲ್ಲಿರುವುದನ್ನೆಲ್ಲ ಸುರಿದರೆ ಕ್ಯಾರೆಟ್ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಜೇನುತುಪ್ಪ ಹಾಕಿ ಹೊಳಪು ಬರಿಸುವವರೂ ಇದ್ದಾರೆ. ಹಾಕಬಹುದು, ಒಂದೇ ಚಮಚ, ಅದೂ ಕೊನೆಯ ಒಂದು ನಿಮಿಷದಲ್ಲಿ. ಜಾಸ್ತಿ ಹೊತ್ತು ಬಿಟ್ಟರೆ ಸಕ್ಕರೆ ಸೀದು ಕಹಿಯಾಗುತ್ತದೆ. ಸಿಹಿ ಹಾಕಿದ ದಿನ ಮೆಣಸಿನ ಪುಡಿಯನ್ನೂ ಚಿಟಿಕೆ ಹಾಕು.

ಎಣ್ಣೆ ಬೆಣ್ಣೆ ಪೂರ್ತಿ ಬಿಟ್ಟುಬಿಡುತ್ತೇನೆ ಅಂತ ಮಾತ್ರ ಹೊರಡಬೇಡ. ಬಾಣಲೆಯಲ್ಲಿ ಎಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗುವುದನ್ನು ನೋಡಿದ್ದೀಯಲ್ಲ? ಅದು ಕ್ಯಾರೋಟಿನ್. 1831ರಲ್ಲಿ ವಾಕೆನ್‌ರೋಡರ್ ಅನ್ನುವ ಜರ್ಮನ್ ವಿಜ್ಞಾನಿ ಮೊದಲು ಅದನ್ನು ಬೇರೆ ಮಾಡಿ ತೆಗೆದದ್ದು ಕ್ಯಾರೆಟ್‌ನಿಂದಲೇ. ನಮ್ಮ ದೇಹ ಅದನ್ನು ವಿಟಮಿನ್ ಎ ಆಗಿ ಬದಲಾಯಿಸಿಕೊಳ್ಳುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಬೇಯಿಸಿ, ಸ್ವಲ್ಪ ಜಿಡ್ಡಿನ ಜೊತೆ ತಿಂದರೆ ಹಸಿಯಾಗಿ ತಿನ್ನುವುದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ನಾಲ್ಕು ಚಮಚ ಜಿಡ್ಡು ಇಬ್ಬರಿಗೆ ಹಂಚಿದರೆ ಏನೂ ಜಾಸ್ತಿಯಲ್ಲ.

ನಿನ್ನ ಹತ್ತಿರ ಓವನ್ ಇದ್ದರೆ ರಜೆಯ ದಿನ ಅದರಲ್ಲೂ ಮಾಡು. ಬಾಣಲೆಗಿಂತ ಚೆನ್ನಾಗಿ ಹುರಿಯುತ್ತದೆ, ಹೊತ್ತು ಮಾತ್ರ ಜಾಸ್ತಿ. 220 ಡಿಗ್ರಿಗೆ ಕಾಯಿಸು, ಖಾಲಿ ಟ್ರೇಯನ್ನೂ ಒಳಗೇ ಇಟ್ಟು ಕಾಯಿಸು. ಕಾದ ಟ್ರೇಗೆ ಬಿದ್ದ ತಕ್ಷಣ ಮಂಜು ಹಬೆಯಾಗಲು ಶುರುವಾಗುತ್ತದೆ, ತಣ್ಣನೆ ಟ್ರೇಯಲ್ಲಾದರೆ ಸುಮ್ನೆ ಕರಗಿ ನೀರಾಗಿ ನಿಲ್ಲುತ್ತದೆ. ಕ್ಯಾರೆಟ್‌ಗೆ ಎಣ್ಣೆ ಸವರಿ, ತುಂಡುಗಳ ನಡುವೆ ಜಾಗ ಬಿಟ್ಟು ಹರಡು. 25ರಿಂದ 30 ನಿಮಿಷ, ನಡುವೆ ಒಂದು ಸಲ ತಿರುವಿ ಹಾಕು. ಜಾಗ ಬಿಡದೆ ರಾಶಿ ಹಾಕಿದರೆ ಓವನ್‌ನಲ್ಲೂ ಅದು ಹಬೆಯಲ್ಲಿ ಬೇಯುತ್ತದೆ ಅಷ್ಟೇ, ಹುರಿಯುವುದಿಲ್ಲ.

ಮೈಕ್ರೊವೇವ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೀರಾ ಅವಸರದ ದಿನ ಮುಚ್ಚಳದ ಬಟ್ಟಲಿನಲ್ಲಿ ನಾಲ್ಕೈದು ನಿಮಿಷ ಬಿಸಿ ಮಾಡಿ, ನೀರು ಬಸಿದು, ಬೆಣ್ಣೆ, ಉಪ್ಪು, ನಿಂಬೆ ಬೆರೆಸು. ತಿನ್ನಬಹುದು. ಹುರಿದ ಪರಿಮಳ ಬರುವುದಿಲ್ಲ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಒಂದು ಸಲ ಬಿಸಿ ಕಂಡಿದೆ ಅಂತ ಪ್ಯಾಕೆಟ್‌ನಿಂದ ತೆಗೆದು ಹಾಗೇ ಬಾಯಿಗೆ ಹಾಕಬೇಡ, ಸಲಾಡ್‌ಗೆ ಬೆರೆಸಬೇಡ. ಬ್ಲಾಂಚಿಂಗ್ ಆದ ಮೇಲೆ ತಣ್ಣಗೆ ಮಾಡುವಾಗ, ಪ್ಯಾಕೆಟ್‌ಗೆ ತುಂಬುವಾಗ ಲಿಸ್ಟೀರಿಯಾದಂಥ ರೋಗಾಣು ಸೇರಿಕೊಳ್ಳಬಹುದು. ಫ್ರೀಜರಿನ ಚಳಿಗೆ ಅದು ಸಾಯುವುದಿಲ್ಲ. 2015ರಿಂದ 2018ರವರೆಗೆ ಯುರೋಪಿನ ಹಲವು ದೇಶಗಳಲ್ಲಿ ಫ್ರೋಜನ್ ಜೋಳದಿಂದ ಈ ರೋಗಾಣುವಿನ ಕಾಯಿಲೆ ಹರಡಿತ್ತು. ಒಳಗಿನವರೆಗೆ ಬಿಸಿ ಹತ್ತಿ ಹಬೆಯಾಡುವಷ್ಟು ಬೇಯಿಸಿದರೆ ಭಯವಿಲ್ಲ. ಬಸುರಿಯರಿಗೋ ವಯಸ್ಸಾದವರಿಗೋ ಬಡಿಸುವ ದಿನ ಇನ್ನೂ ಎಚ್ಚರವಾಗಿರು.

ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿರಲಿ. ಪ್ಯಾಕೆಟ್ ತೆರೆದ ಮೇಲೆ ಒಳಗಿನ ಗಾಳಿ ಒತ್ತಿ ತೆಗೆದು ಬಿಗಿಯಾಗಿ ಕಟ್ಟು. ಗಾಳಿ ತಾಗಿದರೆ ತುಂಡಿನ ನೀರಂಶ ಒಣಗಿ ಮೈ ಬೆಳ್ಳಗೆ ಸುಕ್ಕಾಗುತ್ತದೆ. ಅದು ಕೆಟ್ಟದ್ದೇನಲ್ಲ, ರುಚಿ ಮಾತ್ರ ಹೋಗಿರುತ್ತದೆ. ಕೊಳ್ಳುವಾಗ ಪ್ಯಾಕೆಟ್ ಅಲ್ಲಾಡಿಸಿ ನೋಡು. ತುಂಡುಗಳು ಬಿಡಿಬಿಡಿಯಾಗಿ ಸದ್ದು ಮಾಡಬೇಕು. ಒಂದೇ ಗಟ್ಟಿ ಉಂಡೆಯಾಗಿದ್ದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿರುವ ಸಾಧ್ಯತೆ ಹೆಚ್ಚು, ಅಂಥದ್ದನ್ನು ಬಿಡು. ಕರೆಂಟು ಹೋದರೆ ಫ್ರೀಜರಿನ ಬಾಗಿಲು ತೆರೆಯಬೇಡ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಚಳಿ ಹಿಡಿದುಕೊಂಡಿರುತ್ತದೆ.

ಬೇಯಿಸಿ ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸು, ಮೂರು ನಾಲ್ಕು ದಿನದೊಳಗೆ ಮುಗಿಸು. ಮತ್ತೆ ಬಿಸಿ ಮಾಡುವುದು ಬಾಣಲೆಯಲ್ಲೇ, ಮುಚ್ಚಳ ಇಲ್ಲದೆ. ಮೊದಲ ಸಲ ಮಾಡುವಾಗ ಜೀರಿಗೆ, ಬೆಣ್ಣೆ, ನಿಂಬೆ ಇಷ್ಟೇ ಹಾಕಿ ಮಾಡಿ ನೋಡು. ಹೇಗಾಯಿತು ಅಂತ ಬರೆ. ಕೆಂಪಗಾಗುವ ಮೊದಲೇ ತುಂಡು ಒಡೆದುಹೋಗುತ್ತಿದ್ದರೆ ಎಷ್ಟು ಹೊತ್ತು ಮುಚ್ಚಳ ಮುಚ್ಚಿದ್ದೆ ಅನ್ನುವುದನ್ನೂ ತಿಳಿಸು.

ನಿನ್ನ ಪ್ರೀತಿಯ
ದೊಡ್ಡಮ್ಮ