ಕಾಸ್ಟಿಕ್ ಸೋಡಾ ಇನ್ನು ಬಿಡಿಯಾಗಿ ಸಿಗುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಾಟುಂಗಾ, ಮುಂಬಯಿ

ಪ್ರಿಯ ಗ್ರಾಹಕರಿಗೆ,

ನಮಸ್ಕಾರ. ವಿಷಯ ನೇರವಾಗಿ ಹೇಳಿಬಿಡುತ್ತೇವೆ. ಬರುವ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಸಹಕಾರಿಯ ಗೋದಾಮಿನಲ್ಲಿ ಕಾಸ್ಟಿಕ್ ಸೋಡಾವನ್ನು ಬಿಡಿಯಾಗಿ ತೂಗಿ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ನೀವು ತಂದ ಚೀಲಕ್ಕೆ, ಹಳೆಯ ಎಣ್ಣೆ ಡಬ್ಬಕ್ಕೆ, ನೀರಿನ ಬಾಟಲಿಗೆ ಹಾಕಿಕೊಡುವುದಿಲ್ಲ. ಅರ್ಧ ಕಿಲೋ, ಒಂದು ಕಿಲೋ, ಐದು ಕಿಲೋ, ಹೀಗೆ ಮೂರು ಅಳತೆಯ ಸೀಲ್ ಮಾಡಿದ ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿ ಮಾತ್ರ ಸಿಗುತ್ತದೆ. ಡಬ್ಬದ ಮೇಲೆ ಕನ್ನಡ, ಮರಾಠಿ, ಹಿಂದಿಯಲ್ಲಿ ಲೇಬಲ್ ಇರುತ್ತದೆ. ಜೊತೆಗೆ ಒಂದು ಮಾಹಿತಿ ಹಾಳೆ. ಡಬ್ಬದ ಖರ್ಚಿನಿಂದಾಗಿ ರೇಟು ಸ್ವಲ್ಪ ಏರುತ್ತದೆ. ಖಾಲಿ ಡಬ್ಬ ವಾಪಸ್ ಕೊಟ್ಟರೆ ಅದರ ದುಡ್ಡನ್ನು ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೇವೆ.

"ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ?" ಎಂದು ಸಯನ್, ಚೆಂಬೂರು, ಘಾಟ್‌ಕೋಪರ್ ಕಡೆಯ ಹೋಟೆಲಿನವರು ಈಗಾಗಲೇ ಫೋನ್ ಮಾಡಿ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಈ ಉದ್ದದ ಪತ್ರ.

ನಮ್ಮ ಅಡುಗೆಮನೆಗಳಲ್ಲಿ ಬಿಳಿ ಬಣ್ಣದ ಸೋಡಾ ಮೂರು ಥರದ್ದು ಇರುತ್ತದೆ. ಬಜ್ಜಿ ಹಿಟ್ಟಿಗೆ ಚಿಟಿಕೆ ಹಾಕುವ ಅಡುಗೆ ಸೋಡಾ. ಬಟ್ಟೆ, ಪಾತ್ರೆಗೆ ಬಳಸುವ ವಾಷಿಂಗ್ ಸೋಡಾ. ಚಿಮಣಿಯ ಜಿಡ್ಡು ಬಿಡಿಸಲು, ಕಟ್ಟಿಕೊಂಡ ಮೋರಿ ತೆರೆಯಲು ತರುವ ಕಾಸ್ಟಿಕ್ ಸೋಡಾ. ಲೇಬಲ್ ಇಲ್ಲದ ಚೀಲದಲ್ಲಿ ಕಟ್ಟಿಟ್ಟರೆ ಮೂರೂ ಹೆಚ್ಚುಕಮ್ಮಿ ಒಂದೇ. ನಿನ್ನೆ ತಾನೇ ಊರಿಂದ ಬಂದ ಹುಡುಗನಿಗೆ ಭಟ್ರು "ಸೋಡಾ ತಾರೋ" ಅಂದರೆ ಅವನು ಕೈಗೆ ಸಿಕ್ಕಿದ್ದು ತರುತ್ತಾನೆ. ಅವನದೇನು ತಪ್ಪು?

ಈ ಮೂರಕ್ಕೂ ಇರುವ ವ್ಯತ್ಯಾಸವನ್ನು ಲೇಬಲ್ ಹೇಗೆ ತೋರಿಸುತ್ತದೆ ನೋಡಿ. ಅಡುಗೆ ಸೋಡಾಕ್ಕೆ ಅಪಾಯದ ಗುರುತೇ ಬೇಕಿಲ್ಲ. ವಾಷಿಂಗ್ ಸೋಡಾಕ್ಕೆ ಉದ್ಗಾರ ಚಿಹ್ನೆ, ಪಕ್ಕದಲ್ಲಿ 'ಎಚ್ಚರಿಕೆ' ಎಂಬ ಮಾತು. ಕಣ್ಣಿಗೆ ಬಿದ್ದರೆ ಉರಿಯುತ್ತದೆ ಎಂದು ಅರ್ಥ. ಕಾಸ್ಟಿಕ್ ಸೋಡಾಕ್ಕೆ ಬೇರೆಯೇ ಚಿತ್ರ. ಎರಡು ಕೊಳವೆಯಿಂದ ಹನಿ ಬೀಳುತ್ತಿದೆ, ಒಂದು ಹನಿ ಲೋಹದ ಪಟ್ಟಿಯನ್ನು ತಿನ್ನುತ್ತಿದೆ, ಇನ್ನೊಂದು ಕೈಯನ್ನು. ಪಕ್ಕದಲ್ಲಿ 'ಅಪಾಯ' ಎಂದಿರುತ್ತದೆ. ಕೆಳಗೆ ಎಚ್314 ಎಂಬ ನಂಬರು: ಚರ್ಮವನ್ನು ತೀವ್ರವಾಗಿ ಸುಡುತ್ತದೆ, ಕಣ್ಣಿಗೆ ಹಾನಿ ಮಾಡುತ್ತದೆ.

ಇದು ನಾವು ಮನಸ್ಸಿಗೆ ಬಂದ ಹಾಗೆ ಮಾಡಿದ ಲೇಬಲ್ ಅಲ್ಲ. ಮೊದಲು ಒಂದೊಂದು ದೇಶಕ್ಕೆ ಒಂದೊಂದು ಗುರುತು ಇತ್ತು. ಒಂದೇ ಪುಡಿ ಒಂದು ಬಂದರಿನಲ್ಲಿ ವಿಷ, ಇನ್ನೊಂದರಲ್ಲಿ ಸಾಮಾನ್ಯ ಸರಕು. ಅದನ್ನು ಸರಿಮಾಡಲು ವಿಶ್ವಸಂಸ್ಥೆ 2003ರಲ್ಲಿ ಜಿಎಚ್‌ಎಸ್ ಎಂಬ ಪದ್ಧತಿಯ ಪುಸ್ತಕ ಹೊರತಂದಿತು. ಎರಡು ವರ್ಷಕ್ಕೊಮ್ಮೆ ಅದನ್ನು ತಿದ್ದುತ್ತಾ ಬಂದಿದ್ದಾರೆ. ಕೆಂಪು ಅಂಚಿನ ವಜ್ರಾಕಾರದೊಳಗೆ ಒಟ್ಟು ಒಂಬತ್ತು ಚಿತ್ರಗಳು. ಬೆಂಕಿ ಹತ್ತುವುದಕ್ಕೆ ಜ್ವಾಲೆ, ನೀರಿನ ಜೀವಿಗಳಿಗೆ ಕೇಡಾಗುವುದಕ್ಕೆ ಸತ್ತ ಮೀನು ಮತ್ತು ಮರ, ಹೀಗೆ. ಓದು ಬಾರದವರಿಗೂ ಗೊತ್ತಾಗಲಿ ಅಂತಲೇ ಚಿತ್ರ.

ಒಂದು ವಸ್ತು ಎಷ್ಟು ಸುಡುತ್ತದೆ ಎಂದು ಅಳೆಯುವ ಕ್ರಮ ನಮಗೂ ಹೊಸದು. ಚರ್ಮಕ್ಕೆ ತಾಗಿ ಮೂರು ನಿಮಿಷ ಕಳೆಯುವುದರೊಳಗೆ ಒಳಪದರದವರೆಗೆ ಗಾಯ ಮಾಡುವಂಥದ್ದು 1ಎ ದರ್ಜೆ. ಒಂದು ಗಂಟೆಯವರೆಗೆ ಹಿಡಿದರೆ 1ಬಿ. ನಾಲ್ಕು ಗಂಟೆಯವರೆಗೆ ಹಿಡಿದರೆ 1ಸಿ. ಕಾಸ್ಟಿಕ್ ಚಕ್ಕೆ ಬರುವುದು 1ಎಯಲ್ಲಿ, ಅಂದರೆ ಎಲ್ಲಕ್ಕಿಂತ ಮೇಲೆ. ಹಾಗಂತ ಪ್ರತಿಯೊಂದನ್ನೂ ಪ್ರಾಣಿಯ ಮೇಲೆ ಹಾಕಿ ನೋಡುವುದಿಲ್ಲ. ಕೆಲಸಗಾರರಿಗೆ ಈ ಹಿಂದೆ ಏನಾಗಿದೆ, ದ್ರಾವಣದ ಪಿಎಚ್ (ಆಮ್ಲ, ಕ್ಷಾರದ ಅಳತೆ) ಎಷ್ಟು, ಅದೇ ಜಾತಿಯ ಬೇರೆ ವಸ್ತುಗಳ ಗುಣವೇನು ಎಂದು ಮೊದಲು ನೋಡುತ್ತಾರೆ. ಪಿಎಚ್ 2ಕ್ಕಿಂತ ಕಡಿಮೆ ಅಥವಾ 11.5ಕ್ಕಿಂತ ಜಾಸ್ತಿ ಇದ್ದರೆ ಅದು ಸುಡುತ್ತದೆ ಎಂದೇ ಹಿಡಿಯುವುದು ವಾಡಿಕೆ. ಅಷ್ಟಾದರೂ ಅನುಮಾನ ಉಳಿದರೆ ಲ್ಯಾಬಿನಲ್ಲಿ ಬೆಳೆಸಿದ ಚರ್ಮದ ಮೇಲೆ ಪರೀಕ್ಷೆ ಮಾಡಬಹುದು. ಮೊದಲೆಲ್ಲ ಮೊಲದ ಬೆನ್ನಿನ ರೋಮ ತೆಗೆದು ಹಚ್ಚುತ್ತಿದ್ದರು. ಅದು ಕಡಿಮೆಯಾಗುತ್ತಿರುವುದು ಒಳ್ಳೆಯದೇ.

ಮಾದರಿ ಲೇಬಲ್ ತೋರಿಸಿದಾಗ ಒಬ್ಬ ಮೇನೇಜರ್ ಕೇಳಿದರು, "ತಲೆಬುರುಡೆ ಹಾಕಿಲ್ಲವಲ್ಲ, ಹಾಗಾದ್ರೆ ಇದು ವಿಷ ಅಲ್ಲ ಅಲ್ವಾ?" ತಲೆಬುರುಡೆ ಇರುವುದು ಸ್ವಲ್ಪ ಪ್ರಮಾಣದಲ್ಲಿ ಮೈಯೊಳಗೆ ಹೋದರೂ ಕೊಲ್ಲುವ ವಿಷಕ್ಕೆ. ಕಾಸ್ಟಿಕ್ ಕೆಲಸ ಮಾಡುವುದು ಬೇರೆ ರೀತಿ. ಅದು ರಕ್ತಕ್ಕೆ ಸೇರುವವರೆಗೆ ಕಾಯುವುದೇ ಇಲ್ಲ, ತಾಗಿದ ಜಾಗವನ್ನೇ ಸುಡುತ್ತದೆ. ನುಂಗಿದರೆ ಗಂಟಲು, ಅನ್ನನಾಳ ಸುಟ್ಟುಹೋಗುತ್ತದೆ. ತಲೆಬುರುಡೆ ಇಲ್ಲವೆಂದು ಸಲಿಗೆ ಬೇಡ. ಇನ್ನೊಬ್ಬರು ಕ್ಯಾನ್ಸರ್ ಬರುತ್ತದಾ ಎಂದು ಕೇಳಿದರು. ಆ ಗುಂಪಿನಲ್ಲಿ ಕಾಸ್ಟಿಕ್ ಇಲ್ಲ. ಲೇಬಲ್ಲಿನ ಉಪಯೋಗವೇ ಇದು: ಯಾವುದಕ್ಕೆ ಹೆದರಬೇಕು ಅನ್ನುವುದರ ಜೊತೆಗೆ ಯಾವುದಕ್ಕೆ ಸುಮ್ನೆ ಹೆದರಬೇಕಾಗಿಲ್ಲ ಅನ್ನುವುದೂ ತಿಳಿಯುತ್ತದೆ.

ಇಲ್ಲೊಂದು ಗೊಂದಲವಿದೆ, ಅದನ್ನು ಬಿಡಿಸಲೇಬೇಕು. ಕೆಲವು ದೊಡ್ಡ ಹೋಟೆಲುಗಳ ಸ್ಟೋರಿನಲ್ಲಿ ನೀಲಿ, ಕೆಂಪು, ಹಳದಿ, ಬಿಳಿ ನಾಲ್ಕು ಬಣ್ಣದ ವಜ್ರದ ಗುರುತು ಅಂಟಿಸಿರುತ್ತಾರೆ. ಅದು ಅಮೆರಿಕದ ಅಗ್ನಿಶಾಮಕದವರಿಗಾಗಿ ಮಾಡಿದ ಎನ್‌ಎಫ್‌ಪಿಎ 704 ಎಂಬ ಪದ್ಧತಿ. ಅದರಲ್ಲಿ 0 ಅಂದರೆ ಏನೂ ಇಲ್ಲ, 4 ಅಂದರೆ ಅತಿ ಕೆಟ್ಟದ್ದು. ಕಾಸ್ಟಿಕ್‌ಗೆ ಆರೋಗ್ಯದ ನೀಲಿ ಮನೆಯಲ್ಲಿ 3, ಬೆಂಕಿಯ ಕೆಂಪು ಮನೆಯಲ್ಲಿ 0. ನಮ್ಮ ಹೊಸ ಲೇಬಲ್ಲಿನಲ್ಲಿ ಲೆಕ್ಕ ಉಲ್ಟಾ, 1ನೇ ದರ್ಜೆ ಅಂದರೇ ಅತಿ ಕೆಟ್ಟದ್ದು. ಹಳೆಯ ಸ್ಟಿಕ್ಕರಿನಲ್ಲಿ 3 ಇತ್ತು, ಈಗ 1 ಆಗಿದೆ, ಹಾಗಾದರೆ ಹೊಸ ಮಾಲು ಸೌಮ್ಯ ಎಂದು ಯಾರಾದರೂ ಅಂದುಕೊಂಡರೆ ಕಷ್ಟ. ಮಾಲು ಅದೇ.

ಲೇಬಲ್ ಹೇಳುವುದು ಈ ವಸ್ತು ಏನು ಮಾಡಬಲ್ಲದು ಎಂದು. ನಿಮ್ಮ ಅಡುಗೆಮನೆಯಲ್ಲಿ ಅದು ಮಾಡುತ್ತದೋ ಇಲ್ಲವೋ ಎನ್ನುವುದು ನೀವು ಎಷ್ಟು ಕಲಸುತ್ತೀರಿ, ಯಾರ ಕೈಯಲ್ಲಿ ಕೊಡುತ್ತೀರಿ ಎನ್ನುವುದರ ಮೇಲೆ. ಯುರೋಪಿನವರ ಪಟ್ಟಿಯಲ್ಲಿ ಕಾಸ್ಟಿಕ್ ದ್ರಾವಣಕ್ಕೆ ಮೂರು ಗಡಿ ಇವೆ: ಶೇಕಡಾ 0.5, ಶೇಕಡಾ 2, ಶೇಕಡಾ 5. ಇದನ್ನು ಬಕೆಟ್ಟಿನ ಲೆಕ್ಕಕ್ಕೆ ತಂದರೆ ಹೀಗೆ. ಹತ್ತು ಲೀಟರ್ ನೀರಿಗೆ ಸುಮಾರು 50 ಗ್ರಾಂ ಬಿದ್ದಾಗಲೇ ಚರ್ಮ, ಕಣ್ಣು ಉರಿಯುವ ಮಟ್ಟ. ಸುಮಾರು 200 ಗ್ರಾಂಗೆ ಅದು ಸುಡುವ ದರ್ಜೆಗೆ ಹೋಗುತ್ತದೆ. ಅರ್ಧ ಕಿಲೋ ದಾಟಿತೆಂದರೆ ಬಕೆಟ್ಟಿನ ನೀರೂ ಒಣ ಚಕ್ಕೆಯ ಜೊತೆಗೇ 1ಎ ದರ್ಜೆಯಲ್ಲಿ ನಿಲ್ಲುತ್ತದೆ. "ನೀರು ಬೆರೆಸಿದ್ದೇವಲ್ಲ" ಅನ್ನುವ ಮಾತಿಗೆ ಅಲ್ಲಿ ಬೆಲೆಯಿಲ್ಲ. ಬಹಳ ಕಡೆ ಕೈಗೆ ಬಂದಷ್ಟು ಮೊಗೆದು ಹಾಕುವುದನ್ನು ನೋಡಿದ್ದೇವೆ. ಇನ್ನು ಮುಂದೆ ಪ್ರತಿ ಡಬ್ಬದಲ್ಲಿ ಒಂದು ಅಳತೆಯ ಚಮಚ ಇಡುತ್ತೇವೆ, ದಯವಿಟ್ಟು ಅದನ್ನೇ ಬಳಸಿ.

ಕಲಸುವಾಗ ಮೊದಲು ತಣ್ಣೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಚಕ್ಕೆ. ಚಕ್ಕೆಯ ಮೇಲೆ ನೀರು ಸುರಿಯಬಾರದು. ಕರಗುವಾಗ ತುಂಬಾ ಶಾಖ ಬರುತ್ತದೆ. ತಳದಲ್ಲಿ ಚಕ್ಕೆ, ಮೇಲೆ ಒಂದು ಮಗ್ ನೀರು ಅಂದರೆ ಅದು ಕುದಿದು ಮುಖಕ್ಕೇ ಎಗರುತ್ತದೆ. ಬಿಸಿನೀರಂತೂ ಬೇಡವೇ ಬೇಡ.

ಅಲ್ಯೂಮಿನಿಯಂ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು, ಏಕೆಂದರೆ ನಮ್ಮ ಹೋಟೆಲುಗಳಲ್ಲಿ ಅದು ಎಲ್ಲೆಲ್ಲೂ ಇದೆ. ಇಡ್ಲಿ ತಟ್ಟೆ, ಸಾಂಬಾರಿನ ದೊಡ್ಡ ಪಾತ್ರೆ, ಎಕ್ಸಾಸ್ಟಿನ ಜಾಲರಿ. ಕಾಸ್ಟಿಕ್ ನೀರಿಗೆ ಅಲ್ಯೂಮಿನಿಯಂ ಹಾಕಿ ನೋಡಿದರೆ ಮೊದಲು ಸಣ್ಣ ಗುಳ್ಳೆ, ಆಮೇಲೆ ಬುಸುಬುಸು ನೊರೆ, ಪಾತ್ರೆ ಮುಟ್ಟಲಾಗದಷ್ಟು ಬಿಸಿ. ಆ ಗುಳ್ಳೆಯಲ್ಲಿರುವುದು ಹೈಡ್ರೋಜನ್. ಪಕ್ಕದಲ್ಲಿ ಗ್ಯಾಸಿನ ಒಲೆ ಉರಿಯುತ್ತಿದ್ದರೆ ಏನಾಗಬಹುದು, ಯೋಚಿಸಿ. ಬೆಂಕಿಯ ಮನೆಯಲ್ಲಿ ಸೊನ್ನೆ ಇರುವ ವಸ್ತು ಹೀಗೆ ಬೆಂಕಿಗೆ ದಾರಿ ಮಾಡಿಕೊಡುತ್ತದೆ. ಅದಕ್ಕೇ ಮಾಹಿತಿ ಹಾಳೆಯ 10ನೇ ಭಾಗವನ್ನು ಬಿಡದೆ ಓದಿ. ಯಾವುದರ ಜೊತೆ ಸೇರಬಾರದು ಎಂದು ಅಲ್ಲಿರುತ್ತದೆ. ತಗಡಿನ ಬಕೆಟ್ಟೂ ಬೇಡ, ಅದರ ಸತುವಿನ ಲೇಪವನ್ನೂ ಇದು ತಿನ್ನುತ್ತದೆ. ಪ್ಲಾಸ್ಟಿಕ್ ಬಕೆಟ್ ಸಾಕು. ಆದರೆ ಕುಡಿಯುವ ನೀರಿನ ಬಾಟಲಿಯ ಪ್ಲಾಸ್ಟಿಕ್ ಬೇರೆ, ಗಟ್ಟಿ ಕಾಸ್ಟಿಕ್ ದ್ರಾವಣಕ್ಕೆ ಅದು ಕ್ರಮೇಣ ಹಾಳಾಗುತ್ತದೆ. ಬಾಯಾರಿದವರು ಎತ್ತಿ ಕುಡಿಯುವ ಭಯ ಅದಕ್ಕಿಂತ ದೊಡ್ಡದು.

ಮುಂಬಯಿಯ ಮಳೆಗಾಲ ನಿಮಗೆ ಹೇಳಬೇಕಾಗಿಲ್ಲ. ಜೂನ್ ಬಂತೆಂದರೆ ಉಪ್ಪೇ ನೀರಾಗುತ್ತದೆ. ಕಾಸ್ಟಿಕ್ ಅದಕ್ಕಿಂತ ಬೇಗ ತೇವ ಎಳೆಯುತ್ತದೆ. ಬಾಯಿ ಸರಿಯಾಗಿ ಕಟ್ಟದ ಚೀಲದ ಕೆಳಗೆ ಒಂದೆರಡು ದಿನದಲ್ಲಿ ನೀರಿನಂಥ ಹನಿ ನಿಂತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಶೆಲ್ಫ್ ಒದ್ದೆಯಾಗಿದೆ ಎಂದು ಬರಿಗೈಯಲ್ಲಿ ಒರೆಸಿದವನಿಗೆ ಮೊದಲು ಬೆರಳು ಸಾಬೂನು ಹಚ್ಚಿದ ಹಾಗೆ ಜಾರುತ್ತದೆ, ಅಷ್ಟೇ. ಚರ್ಮದ ಕೊಬ್ಬು ಕರಗಿ ನಿಜವಾಗಿಯೂ ಸಾಬೂನಾಗುತ್ತಿರುತ್ತದೆ. ನೋವು ಕೆಲವೊಮ್ಮೆ ತಡವಾಗಿ ಬರುತ್ತದೆ. ಅಷ್ಟು ಹೊತ್ತಿಗೆ ಗಾಯ ಒಳಗಿಳಿದಿರುತ್ತದೆ. ಬಿಡಿ ಮಾರಾಟ ನಿಲ್ಲಿಸಲು ನಮಗೆ ಈ ಒಂದು ಕಾರಣವೇ ಸಾಕಿತ್ತು.

ಮೈಮೇಲೆ ಬಿದ್ದರೆ ಒಣ ಚಕ್ಕೆಯನ್ನು ಮೊದಲು ಕೊಡವಿ, ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇರಬೇಕು. ಕಣ್ಣಿಗಾದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 20 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ. ಆಸಿಡ್‌ಗಿಂತ ಇದು ಕಣ್ಣಿನೊಳಗೆ ಆಳಕ್ಕೆ ಇಳಿಯುತ್ತದೆ. ನಿಂಬೆರಸ, ವಿನೆಗರ್, ಅರಿಶಿನ, ಟೂತ್‌ಪೇಸ್ಟ್ ಯಾವುದೂ ಬೇಡ, ನೀರು ಮಾತ್ರ. ನುಂಗಿದವರನ್ನು ವಾಂತಿ ಮಾಡಿಸಬೇಡಿ. ಹೋಗುವಾಗ ಸುಟ್ಟದ್ದು ಬರುವಾಗ ಮತ್ತೆ ಸುಡುತ್ತದೆ. ಬಾಯಿ ಮುಕ್ಕಳಿಸಿ 108ಕ್ಕೆ ಫೋನ್ ಮಾಡಿ. ನಳದಲ್ಲಿ ನೀರು ಬೆಳಿಗ್ಗೆ ಮಾತ್ರ ಬರುವ ಕಡೆ, ಕಾಸ್ಟಿಕ್ ಡಬ್ಬ ತೆರೆಯುವ ಮುಂಚೆ ಒಂದು ಡ್ರಮ್ ನೀರು ತುಂಬಿಸಿಟ್ಟುಕೊಳ್ಳಿ. ಊಟ ಬಡಿಸುವ ತೆಳ್ಳನೆಯ ಪ್ಲಾಸ್ಟಿಕ್ ಗ್ಲೌಸ್ ಇದಕ್ಕೆ ಆಗುವುದಿಲ್ಲ. ದಪ್ಪ ರಬ್ಬರಿನದು ಬೇಕು. ಕಣ್ಣಿಗೆ ಕನ್ನಡಕವೂ ಬೇಕು. ಎರಡೂ ನಮ್ಮಲ್ಲಿ ಕೊಂಡ ಬೆಲೆಗೇ ಸಿಗುತ್ತವೆ.

ಕಾನೂನಿನ ಮಾತು ಚಿಕ್ಕದಾಗಿ ಮುಗಿಸುತ್ತೇವೆ. ಭೋಪಾಲದ ದುರಂತ ನಡೆದದ್ದು 1984ರಲ್ಲಿ. 1986ರಲ್ಲಿ ಪರಿಸರ ಕಾಯ್ದೆ ಬಂತು, ಅದರಡಿ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ಸುರಕ್ಷತಾ ಮಾಹಿತಿ ಹಾಳೆ, ಲೇಬಲ್ ಎರಡರ ಮಾತೂ ಅದರಲ್ಲಿದೆ. ನಮ್ಮಂಥ ಸಣ್ಣ ಗೋದಾಮಿಗೆ ಯಾರೂ ಬಂದು ಕೇಳಿಲ್ಲ. ಕೇಳಲಿ ಎಂದು ಕಾಯುವುದು ನಮಗೆ ಸರಿ ಕಾಣಲಿಲ್ಲ.

ಆಸಿಡ್ ಕೊಳ್ಳುವವರಿಗೆ ಹೊಸದೇನಿಲ್ಲ. ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದಂತೆ ಫೋಟೋ ಇರುವ ಗುರುತಿನ ಚೀಟಿ, ಯಾವ ಕೆಲಸಕ್ಕೆ ಎಂಬ ವಿವರ, ರಿಜಿಸ್ಟರಿನಲ್ಲಿ ಹೆಸರು, ಇವು ಮುಂದುವರಿಯುತ್ತವೆ. 18 ವರ್ಷದೊಳಗಿನ ಹುಡುಗರನ್ನು ಕಳಿಸಿದರೆ ಬರಿಗೈಯಲ್ಲಿ ವಾಪಸ್ ಕಳಿಸುತ್ತೇವೆ. ಬದಲಾಗುವುದು ಡೆಲಿವರಿ. ಆಸಿಡ್ ಮತ್ತು ಬ್ಲೀಚ್ ಇನ್ನು ಒಂದೇ ಟೆಂಪೊದಲ್ಲಿ ಬರುವುದಿಲ್ಲ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ. ಕಿಟಕಿ ಇಲ್ಲದ ಟಾಯ್ಲೆಟ್ಟಿನಲ್ಲಿ "ಎರಡೂ ಹಾಕಿದರೆ ಜಾಸ್ತಿ ಕ್ಲೀನ್" ಎಂದು ಸುರಿಯುವವರು ಇನ್ನೂ ಇದ್ದಾರೆ. ಬ್ಲೀಚ್ ಮಂಗಳವಾರ, ಆಸಿಡ್ ಶುಕ್ರವಾರ ಬರುತ್ತದೆ.

ನಿಮ್ಮ ಸ್ಟೋರಿನಲ್ಲಿ ಹಳೆಯ ಬಿಡಿ ಕಾಸ್ಟಿಕ್ ಉಳಿದಿದ್ದರೆ ಈ ತಿಂಗಳ ಕೊನೆಯೊಳಗೆ ತಿಳಿಸಿ. ನಮ್ಮ ಹುಡುಗರು ಡಬ್ಬ, ಗ್ಲೌಸ್ ಸಮೇತ ಬಂದು ತೆಗೆದುಕೊಂಡು ಹೋಗುತ್ತಾರೆ, ಅಷ್ಟೇ ತೂಕದ ಹೊಸ ಡಬ್ಬ ಕೊಡುತ್ತಾರೆ. ಗಟ್ಟಿಕಟ್ಟಿದ್ದರೂ, ನೀರಾಗಿದ್ದರೂ ಪರವಾಗಿಲ್ಲ. ನೀವೇ ಮೋರಿಗೆ ಸುರಿದು ಮುಗಿಸಬೇಡಿ. ಗೋಡೆಗೆ ಅಂಟಿಸುವ ದೊಡ್ಡ ಚಿತ್ರಪಟವನ್ನೂ ಆಗಲೇ ಕೊಡುತ್ತೇವೆ. ಅದನ್ನು ಗಲ್ಲಾದ ಹಿಂದೆ ಹಾಕಬೇಡಿ, ಪಾತ್ರೆ ತೊಳೆಯುವ ಜಾಗದಲ್ಲಿ ಹಾಕಿ.

ಇಂತು ನಿಮ್ಮ,
ಕಾರ್ಯದರ್ಶಿ
ಸಹಕಾರಿಯ ಆಡಳಿತ ಮಂಡಳಿಯ ಪರವಾಗಿ